ವಾಪಸ್ ಬಂದ ಅಧ್ಯಕ್ಷನ ಕತೆ

ಮಲೇಷ್ಯಾದ ಪುಚೊಂಗ್‌ನಲ್ಲಿ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಎದುರು ಮನೆಯವರು ಉಡುಪಿ ಕಡೆಯವರು, ಮೆಡಿಕಲ್ ಕಾಲೇಜಿನ ಮೇಷ್ಟ್ರು. ಜರ್ಮನಿಯಲ್ಲಿ ಓದುವಾಗ ಹಚ್ಚಿಕೊಂಡ ಫುಟ್‌ಬಾಲ್ ಕ್ಲಬ್ಬಿನ ಶಾಲನ್ನು ಈ ಸೆಕೆಯಲ್ಲೂ ಹೊದ್ದು ಮಾಮಕ್ ಚಹಾ-ತಿಂಡಿ ಅಂಗಡಿಗೆ ಬರುತ್ತಿದ್ದರು. ಕ್ಲಬ್ಬು ಗೆದ್ದ ಕಪ್‌ಗಳ ಮಾತು ಆಡುತ್ತಿರಲಿಲ್ಲ. ಹೇಳುತ್ತಿದ್ದುದು ಅದರ ಹಳೆಯ ಯಹೂದಿ ಅಧ್ಯಕ್ಷನ ಕತೆ. ನಾಜಿಗಳ ಕಾಟಕ್ಕೆ ದೇಶ ಬಿಟ್ಟವನು ಯುದ್ಧ ಮುಗಿದ ಮೇಲೆ ಮರಳಿ, ಕ್ಲಬ್ಬನ್ನು ಮತ್ತೆ ಕಟ್ಟಿದ.

"ವಾಪಸ್ ಬಂದ ಮಾರಾಯ್ರೆ, ವಾಪಸ್ ಬಂದ!" ಎಂದು ಮೇಜು ಗುದ್ದುತ್ತಿದ್ದರು. ಚಹಾ ಚೆಲ್ಲದಂತೆ ಅವರ ಹೆಂಡತಿ ಲೋಟ ಹಿಡಿದುಕೊಳ್ಳುತ್ತಿದ್ದರು.

ಕೋವಿಡ್‌ನಲ್ಲಿ ಆ ಹೆಂಡತಿ ತೀರಿಕೊಂಡರು. ತಮಗೂ ಸೋಂಕು ತಗುಲಿ ಮನೆಯೊಳಗೇ ಇದ್ದ ಮೇಷ್ಟ್ರು ದಹನವನ್ನು ಫೋನಿನಲ್ಲಿ ನೋಡಿದರು.

ಕ್ವಾರಂಟೈನ್ ಮುಗಿದ ಶನಿವಾರ ನಾನು ಮಾಮಕ್ ಅಂಗಡಿಯಿಂದ ದೋಸೆ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಟೀವಿಯಲ್ಲಿ ಅವರ ಕ್ಲಬ್ಬು ಖಾಲಿ ಸ್ಟೇಡಿಯಂನಲ್ಲಿ ಆಡುತ್ತಿತ್ತು. ಗೋಲು ಬಿದ್ದಾಗ ಆಟಗಾರರ ಕೂಗು ಕುರ್ಚಿಗಳಿಗೆ ಬಡಿದು ಮರುದನಿಯಾಯಿತು.

"ದೋಸೆ ತಪಾವ್ ಮಾಡ್ಕೊಂಡು ಬಂದಿದೀನಿ, ಬಿಸಿ ಇದೆ, ತಿನ್ನಿ ಸರ್," ಎಂದೆ.

ಅವರು ಪೊಟ್ಟಣ ಮುಟ್ಟಲಿಲ್ಲ. "ಆ ಅಧ್ಯಕ್ಷನ ಒಡಹುಟ್ಟಿದವರನ್ನ ನಾಜಿಗಳು ಕೊಂದಿದ್ರು. ಅದನ್ನ ನಾನು ಹೇಳ್ತಿರ್ಲಿಲ್ಲ, ಕತೆ ಹಾಳಾಗ್ತದೆ ಅಂತ. ಯಾರೂ ಇಲ್ಲದ ಊರಿಗೆ ಅವ ಯಾಕೆ ಬಂದ ಮಾರಾಯ್ರೆ?"

ಅವರು ಟೀವಿ ಆರಿಸಿದರು.

ವಿಮಾನಗಳು ಮತ್ತೆ ಶುರುವಾದ ಮೇಲೆ ಅವರು ಕೆಲಸ ಬಿಟ್ಟರು. ಸೂಟ್‌ಕೇಸ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದಾಗ, "ಉಡುಪಿಗಾ ಸರ್?" ಎಂದು ಕೇಳಿದೆ.

"ಅಲ್ಲಿ ಯಾರಿದ್ದಾರೆ?" ಎಂದರು.

ಲಿಫ್ಟ್ ಬಂತು. ಅವರು ಹತ್ತಲಿಲ್ಲ. ಬಾಗಿಲು ತಾನೇ ಮುಚ್ಚಿಕೊಂಡಿತು.