ಚೌಕಾಬಾರದ ಕಲ್ಲು

"ತಂಗಿ, ಕಲ್ಲಿನ ಮ್ಯಾಲ ಕಾಗದ ಹಚ್ಚಿ ಅಚ್ಚು ತಗೀತಿ ಅಂತಲ್ಲ, ನಮ್ಮ ಕಟ್ಟಿ ಕಲ್ಲಿಂದೂ ತಗದು ಕೊಡವ್ವ" ಎಂದು ಪಕ್ಕದ ಮನೆಯ ಮಹಾದೇವಮ್ಮ ನನ್ನ ಕೈ ಹಿಡಿದುಕೊಂಡರು. ಮಧ್ಯಯುಗದ ಚೀನಾದ ಬೌದ್ಧ ಪಂಡಿತರ ವಿಚಾರಗಳನ್ನು ಶಿಲಾಶಾಸನಗಳ ಅಚ್ಚುಗಳಲ್ಲಿ ಓದುವುದು, ಕಲಿಸುವುದು ನನ್ನ ಕೆಲಸ. ರಜೆಗೆಂದು ಶಹಾಬಾದಿಗೆ ಬಂದಿದ್ದೆ. ಚರಂಡಿ ಅಗಲ ಮಾಡಲು ಮರುದಿನ ಓಣಿಯ ಕಟ್ಟೆಗಳನ್ನೆಲ್ಲ ಒಡೆಯುವವರಿದ್ದರು.

ಹೋಗಿ ನೋಡಿದರೆ ಆ ಹಾಸುಗಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ. ಮೊಳೆಯಿಂದ ಗೀರಿದ ಚೌಕಾಬಾರದ ಮನೆಗಳಿದ್ದವು, ಅಷ್ಟೆ. ಈಗ ತೀರಿಕೊಂಡಿರುವ ವಾರಗಿತ್ತಿ ರುದ್ರಮ್ಮನ ಜೊತೆ ಮಹಾದೇವಮ್ಮ ದಿನಾ ಮಧ್ಯಾಹ್ನ ಆಡುತ್ತಿದ್ದುದು ಅಲ್ಲೇ.

ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿದೆ. ಕಪ್ಪು ಹಾಳೆಯಲ್ಲಿ ಬಿಳಿ ಗೆರೆಗಳು ಎದ್ದು ಬಂದವು. ನಾಲ್ಕೂ ಕಡೆ ಒಂದೇ ಥರ. ಆದರೂ ಮಹಾದೇವಮ್ಮ ಹಾಳೆಯನ್ನು ತಿರುಗಿಸಿ ಇಟ್ಟರು.

"ಹಿಂಗ ಇರ್ಲಿ. ಗ್ವಾಡಿ ಕಡಿ ರುದ್ರಿ ಕುಂದರ್ತಿದ್ಳು. ಆಕಿಗಿ ಬೆನ್ನು ಭಾಳ ನೋಯ್ತಿತ್ತು."

ಆ ದಿನ ತೆಗೆದ ಇನ್ನೊಂದು ಅಚ್ಚು ನನ್ನ ಬಳಿ ಇದೆ. ವಿದ್ಯಾರ್ಥಿಗಳು ಬಂದರೆ ನೆಲದ ಮೇಲೆ ಹಾಸಿ ತೋರಿಸುತ್ತೇನೆ, ಅವರೂ ಸುತ್ತ ಕೂರುತ್ತಾರೆ. ಗೋಡೆ ಕಡೆ ಯಾರಾದರೂ ಕೂರಲು ಹೋದರೆ ಮಾತ್ರ, ನನಗೇ ಗೊತ್ತಿಲ್ಲದೆ ನನ್ನ ಕೈ ಅಡ್ಡ ಹೋಗುತ್ತದೆ.