ಗಿಡವಿಲ್ಲದ ತುಳಸಿಕಟ್ಟೆ

ನ್ಯೂಜಿಲೆಂಡಿನ ಮಾವೋರಿ ಜನರ ಹಚ್ಚೆಯ ಮೇಲೆ ಸಂಶೋಧನೆ ಮಾಡುತ್ತೇನೆ ಎಂದಾಗ ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ನಗದವರಿಲ್ಲ. "ಅಷ್ಟ ದೂರ ಯಾಕ್ರೀ ಮೇಡಂ, ಇಲ್ಲೇ ರವಿವಾರ ಪೇಟಿ ಮ್ಯಾಲ ಏನರ ಬರೀರಿ" ಎಂದರು ಸ್ಟಾಫ್ ರೂಮಿನಲ್ಲಿ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಬೇಡ ಅಂದದ್ದನ್ನು ಮಾಡಿಯೇ ತೀರುವವಳು ನಾನು. ಸದಾಶಿವನಗರದ ಮನೆಯಲ್ಲಿ ಪುಸ್ತಕಗಳನ್ನು ರಾಶಿ ಹಾಕಿಕೊಂಡು ಕೂತೆ.

ಅವರು ಅದನ್ನು ಮೋಕೋ ಅನ್ನುತ್ತಾರೆ. ಹಿಂದೆ ಎಲುಬಿನ ಉಳಿಯಿಂದ ಚರ್ಮವನ್ನೇ ಕೆತ್ತುತ್ತಿದ್ದರಂತೆ. ಹೆಂಗಸರಿಗೆ ಗದ್ದದ ಮೇಲೆ. ಕುಲ ಯಾವುದು, ಹಿರಿಯರು ಯಾರು ಎಂಬುದೆಲ್ಲ ಆ ಗೆರೆಗಳಲ್ಲೇ ಇರುತ್ತದೆ. ಒಂದು ಕಾಲಕ್ಕೆ ಬಿಳಿಯರು ಅದನ್ನು ಕಾಡುಜನರ ಚಾಳಿ ಎಂದು ಹಳಿದರು, ಹಾಕಿಸಿಕೊಳ್ಳುವವರು ಕಡಿಮೆಯಾದರು. ಈಗ ಮೊಮ್ಮಕ್ಕಳು ಮತ್ತೆ ಮುಖ ಒಡ್ಡಿ ಕೂರುತ್ತಿದ್ದಾರೆ, ಸುತ್ತ ಮನೆಮಂದಿಯೆಲ್ಲ ಸೇರಿ ಹಾಡುತ್ತಾರೆ. ಅದನ್ನು ಓದಿದ ದಿನ ನನಗೇ ಏನೋ ಗೆದ್ದಷ್ಟು ಖುಷಿಯಾಗಿತ್ತು.

ರಜೆಗೆ ಖಾನಾಪುರಕ್ಕೆ ಹೋದಾಗ ಆ ಪುಸ್ತಕಗಳಲ್ಲಿ ಒಂದು ಚೀಲದಲ್ಲೇ ಇತ್ತು. ಅಲ್ಲಿ ನನ್ನ ತಾಯಿಯ ತಾಯಿ ಇದ್ದಾಳೆ, ನನ್ನ ಸೋದರಮಾವನ ಮನೆಯಲ್ಲಿ. ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಅಜ್ಜಿ ಕೈ ಒರೆಸಿಕೊಂಡು ಪುಸ್ತಕ ಎಳೆದುಕೊಂಡಳು. ಗದ್ದದ ತುಂಬ ಗೆರೆಗಳಿದ್ದ ಒಬ್ಬ ಮುದುಕಿಯ ಫೋಟೋ.

"ಯಾರ ಇಕಿ?"

"ನ್ಯೂಜಿಲೆಂಡದಾಕಿ."

"ಅಲ್ಲೂ ಹಚ್ಚಿ ಹಾಕತಾರ?" ಅಜ್ಜಿ ಫೋಟೋದ ಮೇಲೆ ಬೆರಳಾಡಿಸಿದಳು. "ಪೂರ್ತಿ ಮಾಡಿಸ್ಕೊಂಡಾಳ ನೋಡ, ಪುಣ್ಯಾತಗಿತ್ತಿ."

ಅಜ್ಜಿಯ ಬಲ ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಇದೆ. ಮೆಟ್ಟಿಲು, ಗೂಡು ಎಲ್ಲ ಸರಿಯಾಗಿವೆ. ಗಿಡ ಮಾತ್ರ ಇಲ್ಲ. ಅದಕ್ಕೆ ನನ್ನದೊಂದು ದೊಡ್ಡ ಸಿದ್ಧಾಂತವಿತ್ತು. ಮಗಳು ತವರು ಬಿಟ್ಟು ಹೋಗುತ್ತಾಳೆ, ಆದ್ದರಿಂದ ಕಟ್ಟೆ ತವರು, ಕಾಣದ ಗಿಡ ಮಗಳು. ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆಯಬೇಕೆಂದಿದ್ದೆ. ಹೆಮ್ಮೆಯಿಂದ ಹೇಳಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಷ್ಟ ಸಾಲಿ ಕಲಿತರೂ ಹುಚ್ಚಿ ಹುಚ್ಚಿನ! ನಾ ಓಡಿ ಹೋಗಿದ್ನಿ ಬೇ. ಸೂಜಿ ತಾಳಲಿಲ್ಲ. ಅವ್ವ ತೊಡಿ ಮ್ಯಾಲ ಕುಂದರಿಸ್ಕೊಂಡು ಹಾಡ ಹೇಳಾಕ ಹತ್ತಿದ್ಲು. ಕಟ್ಟಿ ಮುಗಿಯೂದರಾಗ ಅವ್ವನ ಕೈ ಕಚ್ಚಿ, ಬಣವಿ ಹಿಂದ ಹೋಗಿ ಕುಂತೆ."

ನಾನೂ ನಕ್ಕೆ. ಅಷ್ಟರಲ್ಲಿ ಅಜ್ಜಿಯ ನಗು ನಿಂತಿತ್ತು.

"ಹಚ್ಚಿಯಾಕಿ ಮುಂದಿನ ಊರಿಗೆ ಹ್ವಾದ್ಲು. ಮತ್ತ ಬಂದಾಗ ಗಿಡ ಹಾಕಸೂಣು ಅಂದಿದ್ಲು ಅವ್ವ. ಆಕಿ ಮತ್ತ ಬರೂದರಾಗ ಅವ್ವನ ಇರಲಿಲ್ಲ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ಸತ್ತಾಗ ಬಂಗಾರ ಬಿಚ್ಚಕೊಳ್ತಾರ. ಜೋಡಿ ಬರೂದು ಈ ಹಚ್ಚಿ ಒಂದ. ಅಲ್ಲೆ ಅವ್ವ, ಗಿಡ ಎಲ್ಲೈತಿ ಅಂತ ಕೇಳಿದ್ರ ಏನ್ ಹೇಳ್ಲಿ?"

ಅಜ್ಜಿ ಅತ್ತದ್ದನ್ನು ನಾನು ಅಷ್ಟಾಗಿ ಕಂಡವಳಲ್ಲ. "ನಾ ಮಾಡಸ್ತೀನಿ" ಎಂದುಬಿಟ್ಟೆ.

ಮಾವ ಕೇಳಿ ಕೆಂಡವಾದ. "ರಕ್ತ ತೆಳು ಮಾಡೂ ಗುಳಿಗಿ ತಗೋತಾಳ ಆಕಿ. ನಿನಗೇನ್ ತಲಿ ಕೆಟ್ಟೈತೇನ?" ಹಚ್ಚೆ ಹಾಕುವವರನ್ನೇ ಕೇಳಿ ನೋಡುತ್ತೇವೆ, ಆಗುವುದಿಲ್ಲವೆಂದರೆ ವಾಪಸ್ ಬರುತ್ತೇವೆ ಎಂದೆ. ಹಚ್ಚೆ ಹಾಕುವ ಹೆಂಗಸರು ಈಗ ಊರೂರು ತಿರುಗುವುದಿಲ್ಲ. ಹಳ್ಳಿಹಳ್ಳಿ ವಿಚಾರಿಸಿದೆ, ಸಿಗಲಿಲ್ಲ. ಕೊನೆಗೆ ಅಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ಬೆಳಗಾವಿಗೆ ಬಂದು, ಖಾಸಬಾಗದ ಒಂದು ಟ್ಯಾಟೂ ಅಂಗಡಿಯ ಮೆಟ್ಟಿಲು ಹತ್ತಿದೆ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಗೋಡೆಯ ತುಂಬ ಮಾವೋರಿ ಗೆರೆಗಳ ಚಿತ್ರಗಳು, ತೋಳಿಗೊಂದು, ಬೆನ್ನಿಗೊಂದು.

"ಇವು ಯಾರವು ಗೊತ್ತೇನ್ರಿ ನಿಮಗ?"

"ಡಿಸೈನ್ ರೀ ಮೇಡಂ. ಭಾಳ ನಡೀತಾವ," ಎಂದ ಅಂಗಡಿಯವನು.

ಅಜ್ಜಿಯನ್ನು ಮರೆತು ನಾನು ಪಾಠ ಶುರುಮಾಡಿದೆ. ಒಂದು ಮನೆತನದ ಗೆರೆಗಳನ್ನು ಇನ್ನೊಬ್ಬರು ಕೇಳದೆ ಹಾಕಿಸಿಕೊಂಡರೆ ಅವರ ಅಜ್ಜ ಮುತ್ತಜ್ಜಂದಿರನ್ನೇ ಕದ್ದ ಹಾಗೆ, ಹಿರಿಯರು ಒಪ್ಪಬೇಕು, ಅಂತೆಲ್ಲ. ಆತ ಸಮಾಧಾನದಿಂದ ಕೇಳಿದ. "ಖರೇ ಅದ ಬಿಡ್ರಿ. ನನಗ ಗೊತ್ತಿರಲಿಲ್ಲ. ಈಗ ಅಜ್ಜಿನ್ನ ಕುಂದರಸ್ರಿ ಮೊದಲ, ನಿಂತಾಳ ಪಾಪ."

ನಾಲಿಗೆ ಕಚ್ಚಿಕೊಂಡೆ. ಆತ ಅಜ್ಜಿಯ ಮುಂಗೈಯನ್ನು ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಚರ್ಮ ಈರುಳ್ಳಿ ಸಿಪ್ಪೆಯಂತೆ ಸರಿಯಿತು. ಗುಳಿಗೆಯ ವಿಷಯವನ್ನೂ ಹೇಳಿದೆ.

"ಇಲ್ರಿ ಅಜ್ಜಿ. ಈ ಕೈ ಮ್ಯಾಲ ನಾ ಸೂಜಿ ಇಡೂದಿಲ್ಲ. ಹರೀತದ, ರಕ್ತ ನಿಂದ್ರೂದಿಲ್ಲ."

ಅಜ್ಜಿ ಬೇಡಿಕೊಂಡಳು. ಒಂದು ಎಲೆಯಾದರೂ ಹಾಕು ಎಂದಳು. ಆತ ಕೈಮುಗಿದ. ಅಜ್ಜಿ ಸೆರಗಿನಲ್ಲಿ ಮುಂಗೈ ಮುಚ್ಚಿಕೊಂಡು, "ನಡಿ, ಹೋಗೂಣು" ಎಂದಳು. ಆ ದನಿ ಕೇಳಿ ನನಗೆ ಹೋಗಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ನನ್ನ ಎಡ ಮುಂಗೈ ಚಾಚಿದೆ.

"ಗಿಡ ಇಲ್ಲಿ ಹಾಕ್ರಿ."

ಅಂಗಡಿಯವ ನನ್ನ ಮುಖ ನೋಡಿದ. "ಈಗಷ್ಟ ಹೇಳಿದ್ರಲ್ರಿ, ಹಿರಿಯರನ್ನ ಕೇಳಬೇಕಂತ."

ಇಬ್ಬರೂ ಅಜ್ಜಿಯ ಕಡೆ ತಿರುಗಿದೆವು. ಆಕೆ ಬಾಗಿಲ ಹತ್ತಿರ ನಿಂತಿದ್ದಳು. ಆಗುವುದಿಲ್ಲ ಅಂದರೆ ನಾನು ಏಳಬೇಕಿತ್ತು. ಓದಿದ್ದೆಲ್ಲ ಓದಿ ಅಷ್ಟೂ ತಿಳಿಯದಿದ್ದರೆ ಹೇಗೆ?

"ಕಾಲೇಜಿನ್ಯಾಗ ನಗತಾರ ನಿನಗ," ಎಂದಳು ಅಜ್ಜಿ.

"ನಗಲಿ. ಮೊದಲಿಂದ ನಗತಾರ."

ಅಜ್ಜಿ ಬಂದು ಮಗ್ಗುಲಲ್ಲಿ ಕೂತಳು. "ಪೆನ್ ಕೊಡಪಾ" ಎಂದು ಆತನಿಂದ ಪೆನ್ನು ಇಸಿದುಕೊಂಡು, ನನ್ನ ಮುಂಗೈ ಮೇಲೆ ತನ್ನ ಅವ್ವನ ಕೈ ಮೇಲಿದ್ದ ಗಿಡ ಬರೆದಳು. ನಡುವೆ ಒಂದು ಕಾಂಡ, ಎರಡೂ ಬದಿ ಟೊಂಗೆ, ತುದಿಗೆಲ್ಲ ಚುಕ್ಕೆ. ಕೈ ನಡುಗಿ ಕಾಂಡ ಸೊಟ್ಟಗಾಯಿತು. ಸ್ವಲ್ಪ ನೆಟ್ಟಗೆ ಮಾಡಲೇನು ಎಂದು ಆತ ಕೇಳಿದ.

"ಬ್ಯಾಡ. ಅವ್ವನ ಕೈಮ್ಯಾಗೂ ಸೊಟ್ಟನ ಇತ್ತು."

ಯಂತ್ರ ಗುಂಯ್ ಎಂದಿತು. ನೋವಿನ ಬಗ್ಗೆ ನಾನು ಪುಟಗಟ್ಟಲೆ ಟಿಪ್ಪಣಿ ಮಾಡಿದವಳು. ಅಯ್ಯೋ ದೇವರೆ, ಅವೆಲ್ಲ ಯಾವ ಮೂಲೆಗೆ! ಎರಡನೇ ಟೊಂಗೆಗೆ ಬರುವಷ್ಟರಲ್ಲಿ ಬೆವೆತು ಹೋಗಿದ್ದೆ. ಸಾಕು ನಿಲ್ಲಿಸಿ ಎಂದು ಎದ್ದೇಬಿಡುತ್ತಿದ್ದೆ. ಅಜ್ಜಿ ನನ್ನ ಭುಜ ಒತ್ತಿ ಹಿಡಿದಳು. ಆ ಮುದಿ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ.

"ಏಳಬ್ಯಾಡ. ನಾ ಎದ್ದು ಓಡಿದ್ದು ಸಾಕು."

ಆಮೇಲೆ ಹಾಡತೊಡಗಿದಳು. ಅರ್ಧ ಕನ್ನಡ, ಅರ್ಧ ಮರಾಠಿ, ಮರೆತ ಕಡೆ ಬರೀ ರಾಗ. ಅಂಗಡಿಯವನು ಅದಕ್ಕೆ ತಕ್ಕಂತೆ ಕೈ ನಿಧಾನ ಮಾಡಿದ. ನಾನು ಹಲ್ಲು ಕಚ್ಚಿ ಕೂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಏಳಲಿಲ್ಲ.

ಮುಗಿದ ಮೇಲೆ ಆತ ಕೈ ಒರೆಸಿದ. ಅಜ್ಜಿ ತನ್ನ ಮುಂಗೈಯನ್ನು ನನ್ನದರ ಕೆಳಗೆ ತಂದಿಟ್ಟಳು. ಕೆಳಗೆ ಮಾಸಿದ ಹಸಿರು ಕಟ್ಟೆ, ಮೇಲೆ ಕೆಂಪಗೆ ಊದಿಕೊಂಡ ಹೊಸ ಗಿಡ. ಬಹಳ ಹೊತ್ತು ನೋಡಿದಳು.

"ಅವ್ವ ಕೇಳಿದ್ರ ಹೇಳ್ತೀನಿ, ಗಿಡ ನನ್ನ ಹಿಂದ ಬರತೈತಿ ಅಂತ." ನನ್ನ ಗದ್ದ ಹಿಡಿದು ಮುಖ ಎತ್ತಿದಳು. "ಅವಸರ ಮಾಡಬ್ಯಾಡ ಅವ್ವಾ, ಅಂತನೂ ಹೇಳ್ತೀನಿ."