ಪಿಳ್ಳಮ್ಮನಿಗೆ ವೀಸಾ ಬಂತು
ಬೆಳ್ಳಂದೂರಿನ ಓನರಮ್ಮ ಪಿಳ್ಳಮ್ಮನ ಬಾಡಿಗೆಮನೆಗಳಿಂದ ಯಾವ ಐಟಿ ಹುಡುಗ ಜರ್ಮನಿಗೆ ಹೊರಟರೂ ಆಕೆಯ ಉಪದೇಶ ಕೇಳದೆ ಗೇಟು ದಾಟುವಂತಿರಲಿಲ್ಲ. “ಅದೇ ವೀಸಾದಾಗೆ ಪಕ್ಕದ ಸ್ವಿಟ್ಜರ್ಲೆಂಡಿಗೂ ಓಗ್ಬೌದು ಕಣಪ್ಪಾ. ಅಂಗಂತ ಪಾಸ್‌ಪೋರ್ಟು ರೂಮಲ್ಲಿ ಬಿಟ್ಟು ಓಗ್ಬೇಡ, ರೈಲಲ್ಲಿ ಕೇಳಿದ್ರೂ ಕೇಳ್ತಾರೆ. ಅಲ್ಲಿ ದುಡ್ಡು ಯೂರೋ ಅಲ್ಲ, ಫ್ರಾಂಕು. ಇನ್ಶೂರೆನ್ಸ್ ಮಾಡ್ಸಿದ್ಯಾ? ಚಟ್ನಿಪುಡಿ ತಗೊಂಡ್ಯಾ?” ಇದೆಲ್ಲ ಹೋಗಿಬಂದ ಬಾಡಿಗೆಯವರ ಬಾಯಿಂದ ಕಲಿತದ್ದು, ಆಕೆ ವಿಮಾನ ಹತ್ತಿದವಳೇ ಅಲ್ಲ. ಹಿಂದೆ ಬಾಡಿಗೆಗಿದ್ದ ದಿವ್ಯಾ ಈಗ ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರದ ಜರ್ಮನಿಯ ಊರೊಂದರಲ್ಲಿದ್ದುಕೊಂಡು, ಹಿಮದ ಬೆಟ್ಟ ತೋರಿಸುತ್ತೇನೆ ಬನ್ನಿ ಎಂದು ಕರೆದಿದ್ದಳು. ಆದರೆ ಗಂಡ ತೀರಿದ, ಮಕ್ಕಳಿಲ್ಲದ ಹೆಂಗಸು ಮರಳಿ ಬರುವ ಭರವಸೆ ಸಾಲದೆಂದು ಹೋದ ವರ್ಷ ವೀಸಾ ಸಿಗಲಿಲ್ಲ. ಆ ನೋವನ್ನು ಯಾರಿಗೂ ಹೇಳದೆ ಪಿಳ್ಳಮ್ಮ ಉಪದೇಶ ಮುಂದುವರಿಸಿದಳು, ಈ ವರ್ಷ ಮತ್ತೆ ಅರ್ಜಿ ಹಾಕಿದಳು. “ನೀವು ವಾಪಸ್ ಬರ್ತೀರಾ ಅಂತ ಏನು ಗ್ಯಾರಂಟಿ?” ಎಂದು ವೀಸಾ ಕಚೇರಿಯ ಅಧಿಕಾರಿ ಕೇಳಿದಾಗ ಆಕೆಗೆ ನಗುವೇ ಬಂತು. “ನಾನು ಬರ್ದಿದ್ರೆ ಬೆಳಗ್ಗೆ ಎದ್ದು ನನ್ ಮಕ್ಳಿಗೆ ನೀರಿನ ಮೋಟ್ರು ಆಕೋರು ಯಾರು ಸಾರ್?” “ಮಕ್ಕಳಿಲ್ಲ ಅಂತ ಬರ್ದಿದೀರಲ್ಲಮ್ಮಾ?” “ಮೂರು ಮಹಡೀಲಿ ಇಪ್ಪತ್ತಾರು ಜನ ಅವ್ರೆ ಸಾರ್!” ವೀಸಾ ಅಂಟಿಸಿದ ಪಾಸ್‌ಪೋರ್ಟು ಮನೆಗೆ ಬಂದ ಸಂಜೆ ಎಲ್ಲ ಬಾಲ್ಕನಿಗಳಿಂದ ಎದ್ದ ಸಿಳ್ಳೆಗೆ ಇಡೀ ಬೀದಿಯೇ ಹೊರಬಂದು ನೋಡಿತು.